ರೈನಿ ಡೇ ಅಂದ್ರೆ ಕಷ್ಟದ ದಿನವಾ, ಬಿತ್ತನೆ ದಿನವಾ? ಎರಡು ಮಾರ್ಕ್ಸಿನ ಪಂಚಾಯ್ತಿ

ನಿಟುವಳ್ಳಿ ಟ್ಯೂಷನ್

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಪಂಚಾಯ್ತಿ ಇದೆ, ತೀರ್ಮಾನ ಮಾಡಿಕೊಡಿ.

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ರಜೆಯಲ್ಲಿ ಹದಿನಾಲ್ಕು ಮಕ್ಕಳು ಬರುತ್ತಿದ್ದಾರೆ. ಕಳೆದ ವಾರ ಕಷ್ಟಕಾಲಕ್ಕೆ ಇಂಗ್ಲಿಷಿನಲ್ಲಿರುವ ಮಾತುಗಳ ಪಾಠ ಮಾಡಿದೆ. ಹಾರ್ಡ್ ಟೈಮ್ಸ್, ಲೀನ್ ಇಯರ್ಸ್, ರಫ್ ಪ್ಯಾಚ್, ಹ್ಯಾಂಡ್ ಟು ಮೌತ್, ಹೀಗೆ. ಟೆಸ್ಟಿನಲ್ಲಿ ‘ಸೇವ್ ಫಾರ್ ಎ ರೈನಿ ಡೇ’ ಅಂದರೇನು, ಒಂದು ವಾಕ್ಯ ಮಾಡಿ ಅಂತ ಕೊಟ್ಟಿದ್ದೆ. ಎರಡು ಮಾರ್ಕ್ಸು.

ಜಗಳೂರು ಕಡೆಯ ಹುಡುಗ ಒಬ್ಬನಿದ್ದಾನೆ, ರಜೆಗೆ ಅತ್ತೆ ಮನೆಗೆ ಬಂದವನು. ಅವನು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಮಳೆ ಬಂದ ದಿನ ಬೇಕಾಗುತ್ತದೆ ಅಂತ ದುಡ್ಡು ಎತ್ತಿಡುವುದು. ನಮ್ಮಪ್ಪ ಬೀಜ ಗೊಬ್ಬರಕ್ಕೆ ಎತ್ತಿಡುತ್ತಾರೆ.” ಸ್ಪೆಲಿಂಗ್ ಸರಿ, ವ್ಯಾಕರಣ ಸರಿ.

ಕೆಂಪು ಪೆನ್ನು ಹಿಡಿದು ಐದು ನಿಮಿಷ ಸುಮ್ನೆ ಕೂತೆ. ಪಕ್ಕದ ಹುಡುಗಿ ಗೈಡಿನಲ್ಲಿದ್ದ ‘ಕಷ್ಟಕಾಲಕ್ಕೆ ಹಣ ಉಳಿಸುವುದು’ ಅನ್ನುವುದನ್ನು ಹಾಗೇ ಇಳಿಸಿದ್ದಾಳೆ. ಅವಳಿಗೆ ಎರಡಕ್ಕೆ ಎರಡು ಕೊಟ್ಟಾಗಿದೆ. ಇವನಿಗೆ ಎಷ್ಟು ಕೊಡಲಿ?

ಕೀ ಆನ್ಸರ್

ಮೇಡಂ, ನಾನೂ ಇದೇ ಕಸುಬಿನವನು. ಸೊನ್ನೆ ಕೊಡಿ. ಬೇಜಾರು ಮಾಡ್ಕೋಬೇಡಿ, ಹುಡುಗನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಬೋರ್ಡ್ ಪರೀಕ್ಷೆಯಲ್ಲಿ ಪೇಪರ್ ತಿದ್ದುವವರಿಗೆ ಅವನ ಅಪ್ಪ ಗೊತ್ತಿರುವುದಿಲ್ಲ, ಜಗಳೂರೂ ಗೊತ್ತಿರುವುದಿಲ್ಲ. ಕೀ ಆನ್ಸರಿನಲ್ಲಿ ‘ಕಷ್ಟದ ಸಮಯ’ ಅಂತ ಇರುತ್ತದೆ. ಅದು ಕಾಣಿಸದಿದ್ದರೆ ಅಡ್ಡಗೆರೆ ಎಳೆದು ಮುಂದಿನ ಪುಟ ತಿರುವುತ್ತಾರೆ. ಇವತ್ತು ನೀವು ಮುದ್ದು ಮಾಡಿದರೆ ನಾಳೆ ಅವನು ಕಳೆದುಕೊಳ್ಳುತ್ತಾನೆ.

ಮಾರಿಕಣಿವೆ ಹುಡುಗ

ನಮ್ಮ ಹಿರಿಯೂರಿನಲ್ಲಿ ಈ ಮಾತು ಹೇಳಿ ನೋಡಿ ಸರ್, ನಗುತ್ತಾರೆ. ಮಳೆ ಬಂದರೆ ಕಷ್ಟವಂತೆ!

ನಮ್ಮಜ್ಜ ಕಾಲ ಲೆಕ್ಕ ಹಾಕುತ್ತಿದ್ದದ್ದೇ ಡ್ಯಾಮ್ ಕೋಡಿ ಬಿದ್ದ ವರ್ಷದಿಂದ. ವಾಣಿವಿಲಾಸ ಸಾಗರ 1907ರಲ್ಲಿ ಮುಗಿದದ್ದು. ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷ! ನಮ್ಮಪ್ಪ ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ಎತ್ತಿಕೊಳ್ಳುವವರೆಗೂ ಕೋಡಿ ನೀರು ನೋಡಿರಲಿಲ್ಲ. ಆವತ್ತು ಬೈಕು, ಟ್ರ್ಯಾಕ್ಟರು, ಆಪೆ ಆಟೋ, ಎಲ್ಲ ಡ್ಯಾಮ್ ಕಡೆಗೇ. ಸೀರೆ ಉಟ್ಟುಕೊಂಡು ಹೂವು ಹಣ್ಣು ಹಿಡಿದುಕೊಂಡು ಹೋದರು. ಇಂಗ್ಲಿಷಿನವರ ರೈನಿ ಡೇ ನಮ್ಮೂರಿನ ಜಾತ್ರೆ.

ಗಾದೆಯೇ ಇದೆಯಲ್ಲ, ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಅಂತ. ಎರಡಕ್ಕೆ ಎರಡು ಕೊಡಿ ಅಕ್ಕಾ.

ನಿವೃತ್ತ ಮೇಷ್ಟ್ರು, ದುರ್ಗ

ಮಗಳೇ, ಪ್ರಶ್ನೆ ಚೆನ್ನಾಗಿದೆ. ನಿಧಾನವಾಗಿ ಹೇಳುತ್ತೇನೆ, ವಯಸ್ಸಾಯಿತು, ಟೈಪ್ ಮಾಡುವುದು ತಡ.

ರೈನಿ ಡೇ ಅನ್ನುವ ಬಳಕೆ ಇಂಗ್ಲಿಷಿನಲ್ಲಿ 16ನೇ ಶತಮಾನದಿಂದಲೂ ಇದೆ. ಅಲ್ಲಿ ಮಳೆಗೆ ಬರವಿಲ್ಲ. ವರ್ಷಪೂರ್ತಿ ಜಿನುಗುವ ದೇಶ. ಮಳೆ ಅಂದರೆ ಕೆಸರು, ಚಳಿ, ಹೊರಗೆ ಕೆಲಸವಿಲ್ಲದ ದಿನ. ಅದಕ್ಕೇ ಅವರ ಕಷ್ಟದ ಮಾತು ತೆಗೆದರೆ ಮೋಡ, ಬಿರುಗಾಳಿ, ಚಳಿಗಾಲ ಇವೇ. ಯಾರ ಮೇಲಾದರೂ ಅನುಮಾನ ಬಂದರೆ ಅವನು ‘ಅಂಡರ್ ಎ ಕ್ಲೌಡ್’. ಸಮಾಧಾನ ಹೇಳಬೇಕಾದರೆ ಮೋಡಕ್ಕೆ ಬೆಳ್ಳಿಯ ಅಂಚು. ಕಷ್ಟ ದಾಟಿದರೆ ‘ವೆದರ್ ದಿ ಸ್ಟಾರ್ಮ್’. ಸುಖದಲ್ಲಿ ಮಾತ್ರ ಜೊತೆಗಿರುವವನು ‘ಫೇರ್ ವೆದರ್ ಫ್ರೆಂಡ್’. ಫೇರ್ ವೆದರ್ ಅಂದರೆ ಮಳೆಯಿಲ್ಲದ ಹವೆ, ಅಂದರೆ ಬಿಸಿಲು. ಚಳ್ಳಕೆರೆಯಲ್ಲಿ ಹನ್ನೊಂದು ತಿಂಗಳು ಇರುವುದು ಅದೇ ತಾನೆ! ಆ ಲೆಕ್ಕದಲ್ಲಿ ಅಲ್ಲಿನವರಿಗೆ ಸ್ನೇಹಿತರ ಸುಗ್ಗಿ.

ಅವರು ಮೋಡ ಕಂಡರೆ ಮುಖ ಸಣ್ಣ ಮಾಡುತ್ತಾರೆ. ನಮ್ಮ ಸರ್ಕಾರ ದುಡ್ಡು ಕೊಟ್ಟು ವಿಮಾನ ಹಾರಿಸಿ ಮೋಡ ಬಿತ್ತನೆ ಮಾಡಿಸಿದೆ. 2003ರಲ್ಲಿ ವರುಣ, 2017ರಲ್ಲಿ ವರ್ಷಧಾರಿ.

ಈ ವಿಚಾರದಲ್ಲಿ ನನಗೆ ತುಂಬ ಇಷ್ಟವಾದ ಜೋಡಿ ಒಂದಿದೆ. ಕಷ್ಟದ ಮೇಲೆ ಕಷ್ಟ ಬಂದರೆ ಅವರು ‘ಇಟ್ ನೆವರ್ ರೇನ್ಸ್ ಬಟ್ ಇಟ್ ಪೋರ್ಸ್’ ಎನ್ನುತ್ತಾರೆ. ಬಂದರೆ ಬರೀ ಮಳೆಯಲ್ಲ, ಸುರಿಯುವುದೇ ಅಂತ. ನಾವು ಅದಕ್ಕೇ ಏನಂತೀವಿ? ಬರಗಾಲದಲ್ಲಿ ಅಧಿಕ ಮಾಸ. ಇದನ್ನು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ಸುಮಾರು ಎರಡು ವರ್ಷ ಎಂಟು ತಿಂಗಳಿಗೊಮ್ಮೆ ಪಂಚಾಂಗದಲ್ಲಿ ಒಂದು ತಿಂಗಳು ಹೆಚ್ಚುತ್ತದೆ. ಹಗೇವಿನಲ್ಲಿರುವ, ಅಂದರೆ ಕಾಳು ತುಂಬಿಡುವ ನೆಲದ ಗುಂಡಿಯಲ್ಲಿರುವ ಜೋಳ ಹನ್ನೆರಡು ತಿಂಗಳಿಗೇ ಸಾಲದು. ಅಂಥ ವರ್ಷ ಹದಿಮೂರನೆಯ ತಿಂಗಳೊಂದು ಬಂದು ತಟ್ಟೆ ಹಿಡಿದು ಕೂತರೆ? ಅವರ ಮಾತಿನಲ್ಲಿ ನೀರು ಜಾಸ್ತಿಯಾಯಿತು, ನಮ್ಮ ಮಾತಿನಲ್ಲಿ ದಿನ ಜಾಸ್ತಿಯಾಯಿತು.

ಮಾರ್ಕ್ಸಿನ ವಿಷಯ ಆಮೇಲೆ ಹೇಳುತ್ತೇನೆ. ಮಾತ್ರೆ ತೆಗೆದುಕೊಳ್ಳುವ ಹೊತ್ತು.

ಮಂಡಕ್ಕಿ ಭಟ್ಟಿ

ಮೇಷ್ಟ್ರೇ ನಮಸ್ಕಾರ. ಆದರೆ ಇಲ್ಲಿ ಎಲ್ಲರೂ ಹೊಲದಲ್ಲೇ ನಿಂತು ಮಾತಾಡ್ತಿದ್ದೀರಿ, ಊರೊಳಗೂ ಸ್ವಲ್ಪ ಬನ್ನಿ.

ನಮ್ಮದು ಮಂಡಕ್ಕಿ ಭಟ್ಟಿ. ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು, ಆಮೇಲೆ ಅಕ್ಕಿ ಮಾಡಿಸಿ ಉಪ್ಪು ಹಾಕಿ ಮರಳಲ್ಲಿ ಹುರಿಯಬೇಕು. ಒಣಗಿಸುವುದು ಬಿಸಿಲಲ್ಲಿ. ನಾಲ್ಕು ದಿನ ಜಡಿ ಹಿಡಿದರೆ ಭತ್ತ ಮುಗ್ಗಲು ವಾಸನೆ ಬರುತ್ತೆ, ಭಟ್ಟಿ ತಣ್ಣಗಾಗುತ್ತೆ, ಕೂಲಿಯೂ ಇಲ್ಲ. ಗಾರೆ ಕೆಲಸದವರನ್ನು ಕೇಳಿ, ರಸ್ತೆ ಬದಿ ಮಿರ್ಚಿ ಬಂಡಿಯವರನ್ನು ಕೇಳಿ. ನಮಗೆಲ್ಲ ಇಂಗ್ಲಿಷಿನವರ ರೈನಿ ಡೇ ಅಕ್ಷರಕ್ಕಕ್ಷರ ಸರಿ. ನಾನು ಎಂಟನೇ ಕ್ಲಾಸಿನಲ್ಲಿ ಇದನ್ನು ಓದಿದಾಗ, ಅರೆ, ಇದು ನಮ್ಮ ಮನೆ ಕತೆ ಅಂದುಕೊಂಡಿದ್ದೆ.

ಆದ್ರೂ ಮಳೆ ಬಂದಾಗಲೇ ಮಂಡಕ್ಕಿ ಮಿರ್ಚಿ ಜಾಸ್ತಿ ಖರ್ಚಾಗೋದು. ಮಾಡೋಕಾಗಲ್ಲ, ತಿನ್ನೋರು ಬಿಡಲ್ಲ.

ಜಗಳೂರು ಜೋಳ

ನಾನು ರೈತ. ಹುಡುಗ ನಮ್ಮ ಕಡೆಯವನು ಅಂದಿದ್ದಕ್ಕೆ ಬರೆಯುತ್ತಿದ್ದೇನೆ.

ಅವನು ಬರೆದದ್ದು ನೂರಕ್ಕೆ ನೂರು ನಿಜ. ರೋಹಿಣಿ ಮಳೆ ಬಿದ್ದ ಮಾರನೇ ದಿನ ಗೊಬ್ಬರದಂಗಡಿ ಮುಂದೆ ಸಾಲು ನೋಡಿ. ಮೆಕ್ಕೆಜೋಳದ ಬೀಜದ ಪ್ಯಾಕೆಟ್ಟು, 1350 ರೂಪಾಯಿಯ ಡಿಎಪಿ ಚೀಲ, ಟ್ರ್ಯಾಕ್ಟರ್ ಬಾಡಿಗೆ, ಎಲ್ಲ ಎರಡು ಮೂರು ದಿನದಲ್ಲಿ ಆಗಬೇಕು. ಹದ ಆರಿದರೆ ಮುಗೀತು. ಆ ದಿನ ಕೈಯಲ್ಲಿ ದುಡ್ಡಿಲ್ಲದವನು ಬಡ್ಡಿಗೆ ತರುತ್ತಾನೆ, ಆ ಬಡ್ಡಿ ವರ್ಷಪೂರ್ತಿ ಅವನನ್ನು ತಿನ್ನುತ್ತದೆ.

ಆದರೆ ಹಿರಿಯೂರಿನ ತಮ್ಮ ಹೇಳಿದ ಹಾಗೆ ಮಳೆ ಯಾವಾಗಲೂ ಜಾತ್ರೆ ಅನ್ನುವುದನ್ನು ನಾನು ಒಪ್ಪಲ್ಲ. ಅದು ಡ್ಯಾಮ್ ನೋಡೋಕೆ ಹೋದವರ ಮಾತು. ಕಿತ್ತು ಹೊಲದಲ್ಲಿ ಹಾಕಿದ ಈರುಳ್ಳಿ ಮೇಲೆ ಒಂದು ರಾತ್ರಿ ಮಳೆ ಬಂದರೆ ಬೆಳಿಗ್ಗೆ ಕೈಗೆ ಸಿಗುವುದು ಲೋಳೆ. ಕಿತ್ತ ಶೇಂಗಾ ನೆನೆದರೆ ಅಲ್ಲೇ ಮೊಳಕೆ. ರಸ್ತೆ ಮೇಲೆ ಹರವಿದ ಮೆಕ್ಕೆಜೋಳ ನೆನೆದರೆ ಬೂಸ್ಟು, ಮಂಡಿಯವನು ಕೈಯಲ್ಲಿ ಹಿಡಿದು ನೋಡಿ ಅರ್ಧ ರೇಟು ಹೇಳುತ್ತಾನೆ. ನನ್ನದೇ ಒಂದು ಸಲ 60 ಚೀಲ ಈರುಳ್ಳಿ ಹೊಲದಲ್ಲೇ ಉಳೀತು. ಕುರಿಯೂ ಮೂಸಲಿಲ್ಲ.

ಇದಕ್ಕೆ ನಮ್ಮಲ್ಲಿ ಹೆಸರೇ ಇದೆ, ಹಸಿ ಬರ. ಮಳೆ ಜಾಸ್ತಿಯಾಗಿ ಬಂದ ಬರ. ಇನ್ನೊಂದು ಹಸಿರು ಬರ. ದೂರದಿಂದ ನೋಡಿದರೆ ಹೊಲ ಹಸಿರು, ಒಳಗೆ ಹೋಗಿ ತೆನೆ ಸುಲಿದರೆ ಕಾಳಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಆಯಿತಲ್ಲ, ಆವಾಗ ನಮ್ಮ ಕಡೆ ಹಸಿರು ಬರವೇ ಜಾಸ್ತಿ. ಕಾರಿನಲ್ಲಿ ಹೋಗುವವರು ‘ಚೆನ್ನಾಗಿದೆಯಲ್ಲ ಬೆಳೆ’ ಅಂದುಕೊಂಡು ಹೋಗುತ್ತಿದ್ದರು.

ಈ ಎರಡಕ್ಕೂ ಇಂಗ್ಲಿಷಿನಲ್ಲಿ ಏನಂತಾರೆ ಮೇಡಂ?

ನಿಟುವಳ್ಳಿ ಟ್ಯೂಷನ್

ಅಣ್ಣಾ, ಹಸಿರು ಬರಕ್ಕೆ ‘ಗ್ರೀನ್ ಡ್ರೌಟ್’ ಅಂತ ಇದೆ. ಹಸಿ ಬರಕ್ಕೆ ಅಷ್ಟು ಗಟ್ಟಿಯಾದ ಒಂದು ಮಾತು ನನಗೆ ಹೊಳೆಯುತ್ತಿಲ್ಲ. ಅತಿವೃಷ್ಟಿಯಿಂದ ಬೆಳೆ ನಷ್ಟ ಅಂತ ಉದ್ದಕ್ಕೆ ಹೇಳಬೇಕು.

ನಿಮ್ಮ ಮಾತಿನಿಂದ ಇನ್ನೊಂದು ನೆನಪಾಯಿತು. ಬರ ಅನ್ನುವ ಮಾತು ಮಕ್ಕಳನ್ನು ತುಂಬ ಸತಾಯಿಸುತ್ತದೆ. ಇಂಗ್ಲಿಷಿನಲ್ಲಿ ಮಳೆಯಿಲ್ಲದ್ದು ಡ್ರೌಟ್, ಅನ್ನವಿಲ್ಲದ್ದು ಫ್ಯಾಮಿನ್. ನಮಗೆ ಎರಡೂ ಬರ. ಅಷ್ಟೇ ಅಲ್ಲ, ಗೊಬ್ಬರಕ್ಕೆ ಬರ, ಮದುವೆಗೆ ಹೆಣ್ಣಿಗೆ ಬರ, ಚಿಲ್ಲರೆಗೆ ಬರ. ಒಬ್ಬ ಹುಡುಗ ‘ದೇರ್ ಈಸ್ ಎ ಫ್ಯಾಮಿನ್ ಆಫ್ ಫೈವ್ ರುಪೀ ಕಾಯಿನ್ಸ್’ ಅಂತ ಬರೆದಿದ್ದ. ಅಲ್ಲಿ ಡರ್ತ್ ಅಂತ ಬರಬೇಕು ಅಂತ ತಿದ್ದಿದೆ. ಡರ್ತ್ ಬಂದದ್ದು ಡಿಯರ್ ಅನ್ನುವುದರಿಂದ. ಡಿಯರ್ ಅಂದರೆ ಪ್ರೀತಿಯ ಅನ್ನುವುದು ಮಾತ್ರ ಅಲ್ಲ, ತುಟ್ಟಿ ಅಂತಲೂ ಅರ್ಥ. ಹಿಂದೆ ಡರ್ತ್ ಅಂದರೆ ಕಾಳು ತುಟ್ಟಿಯಾದ ಕಾಲ. ನಮ್ಮಮ್ಮ ‘ತುಟ್ಟಿ ಕಾಲ ಕಣೇ’ ಅನ್ನುತ್ತಾರಲ್ಲ, ಅದೇ!

ಮಾರಿಕಣಿವೆ ಹುಡುಗ

ಜೋಳದಣ್ಣ ಹೇಳಿದ್ದು ಸರಿ, ತಪ್ಪಾಯ್ತು. ಅದೇ 2022ರ ಮಳೆಯಲ್ಲಿ ನಮ್ಮ ಚಿಕ್ಕಪ್ಪನ ತೋಟಕ್ಕೂ ನೀರು ನುಗ್ಗಿತ್ತು. ಡ್ಯಾಮ್ ಫೋಟೋ ಹಾಕುವ ಖುಷಿಯಲ್ಲಿ ಮರೆತಿದ್ದೆ.

ಹಡಗಿನಲ್ಲಿ ದುರ್ಗದವ

ಕೋಟೆ ಊರಲ್ಲಿ ಹುಟ್ಟಿ ಸಮುದ್ರದಲ್ಲಿ ಕೆಲಸ ಮಾಡುವವನು ನಾನು. ಇಂಜಿನ್ ರೂಮು. ಸದ್ಯ ರಜೆಯಲ್ಲಿ ಮನೆಯಲ್ಲಿದ್ದೇನೆ, ಹೊತ್ತು ಹೋಗುತ್ತಿಲ್ಲ, ಹಾಗಾಗಿ ಉದ್ದ ಬರೆಯುತ್ತೇನೆ.

ಇಂಗ್ಲಿಷಿನವರ ಕಷ್ಟದ ಮಾತಿನಲ್ಲಿ ಮಳೆಗಿಂತ ಸಮುದ್ರ ಜಾಸ್ತಿ ಇದೆ. ‘ಆನ್ ದಿ ರಾಕ್ಸ್’ ಅಂದರೆ ಹಡಗು ಬಂಡೆಗೆ ಹತ್ತಿ ಕೂತದ್ದು. ಗಂಡ ಹೆಂಡತಿ ಸಂಬಂಧ ಹಳಸಿದರೂ ಅದನ್ನೇ ಹೇಳುತ್ತಾರೆ. ನಮ್ಮೂರಲ್ಲಿ ಬಂಡೆ ಮೇಲಿದ್ದರೆ ಅದು ಕೋಟೆ, ಭದ್ರ ಅಂತ ಅರ್ಥ! ‘ಟೈಡ್ ಓವರ್’ ಅನ್ನುವುದನ್ನು ಬ್ಯಾಂಕಿನವರು ದಿನಾ ಬಳಸುತ್ತಾರೆ, ಕಷ್ಟ ದಾಟಿಸಲು ಸಣ್ಣ ಸಾಲ ಅಂತ. ಹಾಯಿ ಹಡಗಿನ ಕಾಲದಲ್ಲಿ ಗಾಳಿ ಇಲ್ಲದಾಗ, ಸಮುದ್ರದ ಉಬ್ಬರ ಇಳಿತದ ನೀರಿನ ಸೆಳೆತದಲ್ಲೇ ಹಡಗನ್ನು ತೇಲಿಸಿಕೊಂಡು ಮುಂದೆ ಸಾಗುವುದಕ್ಕೆ ಹೇಳುತ್ತಿದ್ದ ಮಾತು ಅದು.

ಆದರೆ ರಾಜನಂಥ ಮಾತು ಅಂದರೆ ‘ಡೋಲ್ಡ್ರಮ್ಸ್’. ವ್ಯಾಪಾರ ಬಿದ್ದುಹೋಗಿದೆ, ಮನಸ್ಸು ಮಂಕಾಗಿದೆ ಅಂದರೆ ‘ಇನ್ ದಿ ಡೋಲ್ಡ್ರಮ್ಸ್’. ಭೂಮಧ್ಯರೇಖೆಯ ಆಚೀಚೆ ಕೆಲವು ಡಿಗ್ರಿ ಅಗಲಕ್ಕೆ ಒಂದು ಪಟ್ಟಿ ಇದೆ. ಉತ್ತರದ ಗಾಳಿ, ದಕ್ಷಿಣದ ಗಾಳಿ ಎರಡೂ ಅಲ್ಲಿ ಬಂದು ಸೇರಿ, ಬಿಸಿಯಾಗಿ ಮೇಲಕ್ಕೆ ಏರಿಬಿಡುತ್ತವೆ. ಹಾಗಾಗಿ ಕೆಳಗೆ ಎಷ್ಟೋ ದಿನ ಗಾಳಿಯೇ ಬೀಸುವುದಿಲ್ಲ. ಹಾಯಿ ಹಡಗುಗಳು ಅಲ್ಲಿ ದಿನಗಟ್ಟಲೆ, ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತಿದ್ದವು. ಕುಡಿಯುವ ನೀರು ಮುಗಿಯುತ್ತಾ ಬರುತ್ತಿತ್ತು. ತಮಾಷೆ ಏನೆಂದರೆ, ಆ ಮಾತು ಮೊದಲು ಮಂಕು, ಜಡ ಅನ್ನುವ ಅರ್ಥದಲ್ಲಿತ್ತು. ಸಮುದ್ರದ ಜಾಗಕ್ಕೆ ಹೆಸರಾದದ್ದು ಆಮೇಲೆ, 19ನೇ ಶತಮಾನದಲ್ಲಿ. ಮನಸ್ಸಿನ ಹೆಸರು ನೀರಿಗೆ ಹೋಯಿತು.

ನಾನು ಆ ಪಟ್ಟಿ ದಾಟಿದ್ದೇನೆ. ಈಗ ಇಂಜಿನ್ ಇದೆ, ಏನೂ ಗೊತ್ತಾಗುವುದಿಲ್ಲ. ಡೆಕ್ ಮೇಲೆ ಬಂದು ನೋಡಿದರೆ ನೀರು ಎಣ್ಣೆ ಹಾಗೆ, ಅಲುಗಾಟವಿಲ್ಲ. ಸೆಕೆ ಅಂದರೆ ಸೆಕೆ. ಆಗ ನೆನಪಾದದ್ದು ತಾತನ ಕಣ. ರಾಗಿ ತೂರಲು ಮೊರ ಎತ್ತಿಕೊಂಡು ಗಾಳಿಗೆ ಕಾಯುತ್ತಾ ನಿಂತಿರುತ್ತಿದ್ದರು. ಗಾಳಿ ಬಿಟ್ಟಾಗ ತೂರಿಕೋ ಅನ್ನುವ ಗಾದೆ ಹುಟ್ಟಿದ್ದು ಅಂಥ ಕಣದಲ್ಲೇ ಇರಬೇಕು. ಹಾಗಾಗಿ ಡೋಲ್ಡ್ರಮ್ಸ್ ಅಂದರೇನು ಅಂತ ನಮ್ಮ ಕಡೆ ಮಕ್ಕಳು ಕೇಳಿದರೆ ಸಮುದ್ರ ತೋರಿಸಬೇಡಿ. ಗಾಳಿ ಬಿಡದ ಕಣ ಅಂತ ಹೇಳಿ, ತಕ್ಷಣ ತಿಳಿಯುತ್ತದೆ.

ಮಂಡಕ್ಕಿ ಭಟ್ಟಿ

ಅಣ್ಣಾ, ಈಗಿನ ಮಕ್ಕಳಿಗೆ ಕಣವೂ ಗೊತ್ತಿಲ್ಲ. ಕರೆಂಟ್ ಹೋದಾಗ ನಿಂತ ಫ್ಯಾನ್ ಅನ್ನಿ.

ಕೀ ಆನ್ಸರ್

ಎಲ್ಲರೂ ಇಂಗ್ಲಿಷ್ ಅಂದರೆ ಇಂಗ್ಲೆಂಡ್ ಅಂತಲೇ ಹಿಡಿದಿದ್ದೀರಿ. ಅಮೆರಿಕದ್ದು ಬೇರೆ ಇದೆ. ಅಲ್ಲಿ ಒಣ ಮಾತುಗಳೂ ಇವೆ. ‘ಡ್ರೈ ಸ್ಪೆಲ್’ ನೋಡಿ, ರನ್ ಬಾರದ ಬ್ಯಾಟ್ಸ್‌ಮನ್‌ಗೂ ಹೇಳುತ್ತಾರೆ. ‘ಡಸ್ಟ್ ಬೌಲ್’ ನೋಡಿ. 1930ರ ದಶಕದಲ್ಲಿ ಒಕ್ಲಹಾಮಾ, ಕಾನ್ಸಾಸ್ ಕಡೆ ಹುಲ್ಲುಗಾವಲು ಉತ್ತು ಗೋಧಿ ಬಿತ್ತಿದ್ದರು. ಮಳೆ ಕೈಕೊಟ್ಟಿತು, ಮೇಲ್ಮಣ್ಣು ಎದ್ದು ಗಾಳಿಯಲ್ಲಿ ಹೋಯಿತು. 1935ರ ಏಪ್ರಿಲ್ 14ರಂದು ಹಗಲೇ ಕತ್ತಲಾದ ಧೂಳಿನ ಬಿರುಗಾಳಿ ಬಂತು. ಆ ದಿನಕ್ಕೆ ‘ಬ್ಲ್ಯಾಕ್ ಸಂಡೇ’ ಅಂತಲೇ ಹೆಸರು. ಡಸ್ಟ್ ಬೌಲ್ ಅನ್ನುವ ಮಾತು ಪತ್ರಿಕೆಗಳಲ್ಲಿ ಬಂದದ್ದು ಅದಾದ ಮೇಲೆ. ಹಾಗಾಗಿ ಇಂಗ್ಲಿಷಿಗೆ ನಮ್ಮ ಬರ ಗೊತ್ತಿಲ್ಲ ಅನ್ನಬೇಡಿ.

‘ಬ್ರೆಡ್‌ಲೈನ್’ ಕೂಡ ಅಲ್ಲಿಯದೇ. ಪುಕ್ಕಟೆ ಬ್ರೆಡ್ಡಿಗೆ ಜನ ನಿಲ್ಲುವ ಸಾಲು. 1933ರಲ್ಲಿ ಅಮೆರಿಕದಲ್ಲಿ ನಾಲ್ಕರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ನಾವು ಗಂಜಿ ಕೇಂದ್ರ ಅನ್ನುತ್ತೇವಲ್ಲ, ಅದರ ಮುಂದಿನ ಸಾಲು ಅಂದುಕೊಳ್ಳಿ.

ನನ್ನ ತೀರ್ಪು ಬದಲಾಗಿಲ್ಲ. ಸೊನ್ನೆ. ಹೋಗಲಿ, ಅರ್ಧ.

ಮಿಲ್ ಮನೆ ಮೊಮ್ಮಗ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಮ್ಮ ತಾತ ಇಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಹೆಸರು ಬೇಡ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಸೈರನ್ ಕೂಗಿದರೆ ಓಣಿಯಲ್ಲಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರಂತೆ.

ನಮ್ಮಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹೆಬ್ಬೆಟ್ಟು. ಆದರೆ ಕಷ್ಟದ ಇಂಗ್ಲಿಷ್ ಮಾತ್ರ ಬರುತ್ತಿತ್ತು. ‘ಲೇಯಪ್ಪು’ ಅನ್ನುತ್ತಿದ್ದರು. ನಾನು ಚಿಕ್ಕವನಿದ್ದಾಗ ಅದು ಯಾರೋ ಲೇಯಪ್ಪ ಅನ್ನುವ ಮನುಷ್ಯ ಅಂದುಕೊಂಡಿದ್ದೆ. ‘ಲೇಯಪ್ಪು ಬಂದು ನಮ್ಮ ಮನೆ ಹಾಳಾತು’ ಅಂದರೆ ಮತ್ತೇನು ಅಂದುಕೊಳ್ಳಲಿ? ಯಾರೋ ಮೀಸೆಯವನು, ಬಾಗಿಲು ಒದ್ದು ಬಂದವನು. ದೊಡ್ಡವನಾದ ಮೇಲೆ ಗೊತ್ತಾಯಿತು, ಅದು ಲೇಆಫ್, ಕೆಲಸವಿಲ್ಲ ಅಂತ ಕೂಲಿಯವರನ್ನು ಮನೆಗೆ ಕಳಿಸುವುದು. ಲಾಕೌಟು, ಕ್ಲೋಜರು, ಸೆಟಲ್‌ಮೆಂಟು, ಇವೂ ಅಜ್ಜಿಯ ಬಾಯಲ್ಲಿ ಕನ್ನಡವೇ. ವಯಸ್ಸು ಹೇಳುವಾಗ ‘ನಿಮ್ಮ ಸಣ್ಣತ್ತೆ ಲಾಕೌಟ್ ವರ್ಷದಾಗೆ ಹುಟ್ಟಿದಾಕೆ’ ಅನ್ನುತ್ತಿದ್ದರು. ಈ ಮಾತುಗಳಿಗೆ ಕನ್ನಡದಲ್ಲಿ ಏನನ್ನಬೇಕು ಅಂತ ಆ ಓಣಿಯಲ್ಲಿ ಯಾರೂ ಕೇಳಲಿಲ್ಲ. ಗೇಟಿನ ಮೇಲೆ ಅಂಟಿಸಿದ ನೋಟಿಸಿನಿಂದ ನೇರವಾಗಿ ಒಲೆ ಹತ್ತಿರಕ್ಕೆ ಬಂದವು.

ಆಮೇಲೆ ನಾನು ಓದಿಕೊಂಡೆ. ಅಸಲಿ ಮ್ಯಾಂಚೆಸ್ಟರಿಗೂ ಒಂದು ಬರ ಬಂದಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಂದ ಬರುವ ಹತ್ತಿ ನಿಂತು ಮ್ಯಾಂಚೆಸ್ಟರ್ ಇರುವ ಲ್ಯಾಂಕಶೈರ್ ಸೀಮೆಯ ಮಿಲ್ಲುಗಳು ನಿಂತವು. ಅದನ್ನು ಅವರು ‘ಕಾಟನ್ ಫ್ಯಾಮಿನ್’ ಅಂತಲೇ ಕರೆದರು. ನೋಡಿ, ನಮ್ಮ ಹಾಗೇ ಹತ್ತಿಗೆ ಬರ ಅಂದಿದ್ದಾರೆ! ಮೇಡಂ, ನಿಮ್ಮ ಚಿಲ್ಲರೆ ಬರದ ಹುಡುಗ ಅಷ್ಟೇನೂ ತಪ್ಪಿಲ್ಲ. ಅರ್ಧ ದಿನ ಕೆಲಸ ಕೊಡುವುದನ್ನು ‘ಶಾರ್ಟ್ ಟೈಮ್’ ಅನ್ನುತ್ತಿದ್ದರು. ಹಸಿದವರಿಗೆ ಅಲ್ಲಿನ ಆಡುಮಾತಿನಲ್ಲಿ ‘ಕ್ಲೆಮ್ಡ್’. ಲಂಡನ್ನಿನ ಇಂಗ್ಲಿಷಿನಲ್ಲಿ ಆ ಮಾತು ಸಿಗುವುದಿಲ್ಲ. ಅಲ್ಲಿಯೂ ಯಾರದೋ ಅಜ್ಜಿ ಬೇರೆ ಇಂಗ್ಲಿಷ್ ಮಾತಾಡುತ್ತಿದ್ದರು ಅಂತ ಆಯಿತು.

ಅವರ ಬರದಲ್ಲಿ ನಮ್ಮ ದೇಶದ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿದ 1865ರಲ್ಲಿ ಬೆಲೆ ಬಿತ್ತು, ಬೊಂಬಾಯಿಯಲ್ಲಿ ಶೇರು ಹಿಡಿದವರು ಮುಳುಗಿದರು.

ತಾತನ ಲೆಕ್ಕ ಚುಕ್ತಾ ಆಗಲು ಬಹಳ ವರ್ಷ ಹಿಡಿಯಿತು. ಬಂದದ್ದರಲ್ಲಿ ಅಜ್ಜಿ ಒಂದು ಸ್ಟೀಲ್ ಬೀರು ಕೊಂಡರು. ಅದರ ಹೆಸರು ನಮ್ಮ ಮನೆಯಲ್ಲಿ ಇವತ್ತಿಗೂ ಸೆಟಲ್‌ಮೆಂಟ್ ಬೀರು.

ಜಗಳೂರು ಜೋಳ

ತಮ್ಮಾ, ಲೇಯಪ್ಪನ ಕತೆ ಓದಿ ನಗೋಕೆ ಹೋಗಿ ಆಗಲಿಲ್ಲ.

ಬ್ಯಾಂಕ್ ಕೌಂಟರ್

ನಮ್ಮ ಕಚೇರಿಯ ಇಂಗ್ಲಿಷನ್ನೂ ಸೇರಿಸಿಕೊಳ್ಳಿ. ನಮ್ಮಲ್ಲಿ ಯಾರಿಗೂ ಕಷ್ಟ ಬರುವುದಿಲ್ಲ, ಅಕೌಂಟಿಗೆ ಬರುತ್ತದೆ. ‘ಸ್ಟ್ರೆಸ್ಡ್ ಅಕೌಂಟ್’ ಅನ್ನುತ್ತೇವೆ. ರೈತ ಕೌಂಟರಿನ ಆಚೆ ಬೆವರುತ್ತಾ ನಿಂತಿರುತ್ತಾನೆ, ನಮ್ಮ ಸ್ಕ್ರೀನಿನಲ್ಲಿ ಒತ್ತಡದಲ್ಲಿರುವುದು ಅಕೌಂಟು. ಬೇರೆ ಸಾಲ 90 ದಿನ ಬಾಕಿಯಾದರೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ. ಬೆಳೆ ಸಾಲಕ್ಕೆ ಹಂಗಾಮಿನ ಲೆಕ್ಕ, ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು. 2020ರಲ್ಲಿ ಮಾರಟೋರಿಯಂ, ಅಂದರೆ ಸಾಲದ ಕಂತು ಮುಂದೂಡುವ ಸವಲತ್ತು ಬಂದಾಗ ಒಬ್ಬ ಹಿರಿಯರು ಬಂದು ‘ಅದೇನೋ ಕ್ರಿಮಟೋರಿಯಂ ಕೊಟ್ಟಾರಂತಲ್ಲ ಸರ್’ ಅಂದರು. ತಿದ್ದುವ ಧೈರ್ಯ ಆಗಲಿಲ್ಲ.

ನಮ್ಮ ಜನ ಕೌಂಟರಿನಲ್ಲಿ ಹೇಳುವುದು ಒಂದೇ ಮಾತು. ‘ಸ್ವಲ್ಪ ಅಡಚಣೆ ಐತೆ ಸರ್.’ ಬೋರು ಒಣಗಿ, ಮಗಳ ಮದುವೆ ನಿಂತು, ಎಮ್ಮೆ ಸತ್ತಿದ್ದರೂ ಅಷ್ಟೇ. ಇದಕ್ಕೆ ಇಂಗ್ಲಿಷ್ ಹೇಳಿ ನೋಡೋಣ?

ಹಡಗಿನಲ್ಲಿ ದುರ್ಗದವ

‘ಎ ಬಿಟ್ ಟೈಟ್’. ಇಂಗ್ಲಿಷಿನವರೂ ಹೀಗೇ. ನಮ್ಮ ಹಡಗಿನ ಹಳೆಯ ಬ್ರಿಟಿಷ್ ಚೀಫ್ ಇಂಜಿನಿಯರ್ ಒಬ್ಬರಿದ್ದರು. ಮನೆ ಹರಾಜಾಗಿತ್ತು, ‘ಥಿಂಗ್ಸ್ ಆರ್ ಎ ಬಿಟ್ ಟೈಟ್’ ಅಂದರು ಅಷ್ಟೇ. ಕೈ ಬಿಗಿ ಅನ್ನುವುದು ಅದೇ ತಾನೆ.

ನಿವೃತ್ತ ಮೇಷ್ಟ್ರು, ದುರ್ಗ

ಅಡಚಣೆ ಒಳ್ಳೆಯ ಮಾತು. ಕಷ್ಟ ಎಷ್ಟು ದೊಡ್ಡದಾದರೂ ಮಾತು ಸಣ್ಣದಿರಬೇಕು ಅನ್ನುವುದು ನಮ್ಮ ಕಡೆಯವರ ಮರ್ಯಾದೆ. ದೊಡ್ಡವರ ಮನೆಯ ಕಷ್ಟಕ್ಕೆ ಮಾತ್ರ ದೊಡ್ಡ ಮಾತು ಬೇಕು. 1992ರಲ್ಲಿ ಇಂಗ್ಲೆಂಡಿನ ರಾಣಿಗೆ ಮಕ್ಕಳ ಸಂಸಾರ ಮುರಿಯಿತು, ವಿಂಡ್ಸರ್ ಅರಮನೆಗೆ ಬೆಂಕಿ ಬಿತ್ತು. ನವೆಂಬರ್ 24ರಂದು ಭಾಷಣದಲ್ಲಿ ಆ ವರ್ಷವನ್ನು ‘ಆನಸ್ ಹೊರಿಬಿಲಿಸ್’, ಘೋರ ವರ್ಷ, ಅಂದರು. ಇಂಗ್ಲಿಷ್ ಸಾಲದೆ ಲ್ಯಾಟಿನ್ ಬೇಕಾಯಿತು! ನಾವು ಆ ಮಟ್ಟಿಗೆ ಅನುಕೂಲ, ವರ್ಷಗಳಿಗೆ ಮೊದಲೇ ಹೆಸರಿಟ್ಟಿದ್ದೇವೆ. ನಮ್ಮ ಕಡೆಯ ಹಿರಿಯರು ಧಾತು ಈಶ್ವರದ ಬರ ಅನ್ನುತ್ತಿದ್ದರು. ಧಾತು ಸಂವತ್ಸರ 1876, ಈಶ್ವರ 1877. ಮೈಸೂರು ಸಂಸ್ಥಾನದ ಜನ 1871ರ ಗಣತಿಯಲ್ಲಿ 50 ಲಕ್ಷ ಇದ್ದರು, 1881ರ ಗಣತಿಯಲ್ಲಿ 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾದ್ದು ಕರಗಿತು.

ಆ ಬರ ಒಂದು ಇಂಗ್ಲಿಷ್ ಮಾತನ್ನೂ ಕೊಟ್ಟಿದೆ, ‘ಟೆಂಪಲ್ ವೇಜ್’. ಕ್ಲಾಸಿನಲ್ಲಿ ಇದರ ಅರ್ಥ ಕೇಳಿದರೆ ಮಕ್ಕಳು ದೇವಸ್ಥಾನದ ಸಂಬಳ ಎನ್ನುತ್ತಿದ್ದರು. ಅಲ್ಲ. ಸರ್ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿಯ ಹೆಸರು. ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆ ಸಾಕು ಅಂತ ಮದ್ರಾಸ್ ಪ್ರಾಂತ್ಯದಲ್ಲಿ 1877ರಲ್ಲಿ ಇಳಿಸಿದ್ದು ಅವನು. ಒಂದು ಪೌಂಡ್ ಅಂದರೆ ಅರ್ಧ ಕೆಜಿಗೂ ಕಡಿಮೆ.

‘ಟೈಟನ್ ದಿ ಬೆಲ್ಟ್’ ಅಂತ ಪಾಠದಲ್ಲಿದ್ದರೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳುವುದು ಅಂತ ಹೇಳಿಕೊಡು ಮಗಳೇ. ಅವರದು ಚರ್ಮದ್ದು, ನಮ್ಮದು ಒದ್ದೆ ಬಟ್ಟೆ, ಹೊಟ್ಟೆ ಒಂದೇ. ಆದರೆ ‘ಹ್ಯಾಂಡ್ ಟು ಮೌತ್’ ಬಂದಾಗ ಎಚ್ಚರ. ಮಕ್ಕಳು ‘ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ’ ಅಂತ ಬರೆಯುತ್ತಾರೆ. ಅದು ಬೇರೆ. ಇದು ಅಂದು ದುಡಿದು ಅಂದೇ ತಿನ್ನುವ ಬದುಕು.

ಮಾರ್ಕ್ಸಿಗೆ ಬರುತ್ತೇನೆ. ಹುಡುಗನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳು. ಆ ದುಡ್ಡನ್ನು ನಿಮ್ಮಪ್ಪ ಬೇರೆ ಯಾವುದಕ್ಕಾದರೂ ತೆಗೆಯುತ್ತಾರಾ ಅಂತ. ಅವನ ಉತ್ತರ ನೋಡಿ ಹಾಕು.

ನಿಟುವಳ್ಳಿ ಟ್ಯೂಷನ್

ಮೇಷ್ಟ್ರೇ, ಕೇಳುವ ಮೊದಲೇ ಉತ್ತರ ಬಂತು.

ಇವತ್ತು ಎಪಿಎಂಸಿಗೆ ಬಂದಿದ್ದ ಅವನ ಅಪ್ಪ ಮನೆ ಹತ್ತಿರ ಬಂದರು. ಮಗ ಹೇಗೆ ಓದುತ್ತಾನೆ ಅಂತ ವಿಚಾರಿಸಿದರು. ನಾನು ಟೆಸ್ಟ್ ಪೇಪರ್ ತೋರಿಸಿ ಅವನು ಬರೆದದ್ದನ್ನು ಕನ್ನಡದಲ್ಲಿ ಓದಿದೆ. ಅವರಿಗೆ ನಾಚಿಕೆಯಾಯಿತು. ‘ಮನೆ ವಿಷಯ ಎಲ್ಲಾ ಬರೀತಾನಲ್ಲ ಮೇಡಂ’ ಅಂದರು. ಎರಡು ತಿಂಗಳ ಫೀಸಿನ ಮಾತು ಅವರೇ ತೆಗೆದರು. ‘ದುಡ್ಡು ಪೆಟ್ಟಿಗೆಯಾಗೈತೆ. ಆದರೆ ಅದು ಮಳೆ ದುಡ್ಡು, ಮುಟ್ಟಂಗಿಲ್ಲ. ಹೋದ ವರ್ಷ ನಮ್ಮವ್ವನ್ನ ಆಸ್ಪತ್ರೆಗೆ ಸೇರಿಸಿದಾಗಲೂ ಮುಟ್ಟಲಿಲ್ಲ, ಕಿವಿಯೋಲೆ ಅಡ ಇಟ್ಟೆ. ಡೇರಿ ಬಿಲ್ಲು ಬರಲಿ, ಕೊಡ್ತೀನಿ’ ಅಂದರು.

ಅವರು ಹೋದ ಮೇಲೆ ಎರಡಕ್ಕೆ ಎರಡು ಹಾಕಿದೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಪರೀಕ್ಷೆಯಲ್ಲಿ ‘ಕಷ್ಟದ ಸಮಯ’ ಅಂತ ಒಂದು ಸಾಲು ಸೇರಿಸು ಅಂತಲೂ ಬರೆದಿದ್ದೇನೆ. ಕೀ ಆನ್ಸರ್ ಸರ್, ಅದು ನಿಮ್ಮ ಪಾಲಿಗೆ.

ಕೀ ಆನ್ಸರ್

ಆಯ್ತು ಮೇಡಂ. ಆದರೆ ಗೈಡ್ ಹುಡುಗಿಗೆ ಒಂದು ಕಡಿಮೆ ಮಾಡಿ.

ಬ್ಯಾಂಕ್ ಕೌಂಟರ್

ಫೀಸು ಬಂತಾ ಮೇಡಂ?

ನಿಟುವಳ್ಳಿ ಟ್ಯೂಷನ್

ಇಲ್ಲ. ಡೇರಿಯವರಿಗೂ ಸ್ವಲ್ಪ ಅಡಚಣೆಯಂತೆ.